ಹಳೆಯ ಮ್ಯಾಕಿಂತಾಷ್ ಆರಂಭದಲ್ಲೇ ನಿಂತುಬಿಟ್ಟರೆ: ದೋಷ ಹುಡುಕಲು ಯಾವ ದಾರಿ ಯಾರಿಗೆ?

ಹಳೆಯ ಮ್ಯಾಕಿಂತಾಷ್ ಒಂದನ್ನು ಕೊಂಡು ತಂದವರೂ ಅಟ್ಟದ ಮೇಲಿದ್ದದ್ದನ್ನು ಮತ್ತೆ ಕೆಳಗಿಳಿಸಿದವರೂ ಎದುರಿಸುವ ಮೊದಲ ತೊಂದರೆ ಬಹುತೇಕ ಒಂದೇ ಆಗಿರುತ್ತದೆ. ಗುಂಡಿ ಒತ್ತಿದರೆ ನಾದ ಕೇಳಿಸುತ್ತದೆ, ನಗುಮುಖದ ಮ್ಯಾಕ್ ಕಾಣಿಸುತ್ತದೆ, ಪರದೆಯ ಕೆಳಗಂಚಿನಲ್ಲಿ ಪುಟ್ಟ ಚಿತ್ರಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಸಾಲುಗಟ್ಟುತ್ತವೆ, ಹದಿನೈದನೆಯದೋ ಇಪ್ಪತ್ತನೆಯದೋ ಮೂಡಿದ ಮೇಲೆ ಎಲ್ಲವೂ ಸ್ತಬ್ಧವಾಗುತ್ತದೆ. ಆ ಚಿತ್ರಗಳಲ್ಲಿ ಒಂದೊಂದೂ ಒಂದು ಎಕ್ಸ್‌ಟೆನ್ಶನ್ ಅಥವಾ ಕಂಟ್ರೋಲ್ ಪ್ಯಾನೆಲ್, ಅಂದರೆ ಆರಂಭದ ಹೊತ್ತಿನಲ್ಲಿ ವ್ಯವಸ್ಥೆಗೆ ಸೇರಿಕೊಳ್ಳುವ ಪುಟ್ಟ ಸಾಫ್ಟ್‌ವೇರ್. ಹಿಂದಿನ ಮಾಲೀಕರು ಯಂತ್ರವನ್ನು ತಮ್ಮ ಕೈಗೆ ಒಗ್ಗಿಸಿಕೊಳ್ಳಲು ಸೇರಿಸಿದ ಮೆನು ಸಲಕರಣೆಗಳು, ಸ್ಕ್ರೀನ್ ಸೇವರ್‌ಗಳು, ಕಿಟಕಿಗಳ ರೂಪ ಬದಲಿಸುವ ಕಲೈಡೋಸ್ಕೋಪ್‌ನಂಥವು, ಅಕ್ಷರಗಳನ್ನು ನುಣುಪಾಗಿ ತೋರಿಸುವ ಅಡೋಬಿ ಟೈಪ್ ಮ್ಯಾನೇಜರ್, ಎಲ್ಲವೂ ಅಲ್ಲೇ ಇರುತ್ತವೆ. ಇವುಗಳಲ್ಲಿ ತಪ್ಪು ಯಾವುದರದು ಎಂದು ಹುಡುಕಲು ಕೈಯಿಂದಲೇ ಫೈಲುಗಳನ್ನು ಎತ್ತಿಡಬೇಕೇ, ಅವನ್ನು ಆನ್ ಆಫ್ ಮಾಡಲು ಯಂತ್ರದೊಂದಿಗೇ ಬಂದ ಎಕ್ಸ್‌ಟೆನ್ಶನ್ಸ್ ಮ್ಯಾನೇಜರ್ ಸಾಕೇ, ಇದೇ ಹುಡುಕಾಟಕ್ಕೆಂದು ಮಾರುತ್ತಿದ್ದ ಕಾನ್‌ಫ್ಲಿಕ್ಟ್ ಕ್ಯಾಚರ್ ಅನ್ನು ಹುಡುಕಿ ತರಬೇಕೇ, ಅಥವಾ ವ್ಯವಸ್ಥೆಯನ್ನೇ ಹೊಸದಾಗಿ ಸ್ಥಾಪಿಸಿಬಿಡಬೇಕೇ ಎಂಬ ಗೊಂದಲ ಹಲವರದು. 1991ರ ಸಿಸ್ಟಮ್ 7ರಿಂದ 2001ರ ಮ್ಯಾಕ್ ಓಎಸ್ 9.2.2ರವರೆಗಿನ ಆಪಲ್ ಕಾರ್ಯವ್ಯವಸ್ಥೆಗಳಿರುವ ಯಂತ್ರಗಳನ್ನು ಗಮನದಲ್ಲಿಟ್ಟುಕೊಂಡು ಈ ನಾಲ್ಕು ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇನೆ.

ಜಗಳ ಏಕೆ ಹುಟ್ಟುತ್ತದೆ

ಆ ಕಾಲದ ಮ್ಯಾಕ್ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಮಿನ ಮೆಮೊರಿಯನ್ನು ಇನ್ನೊಂದರಿಂದ ಕಾಪಾಡುವ ಗೋಡೆ ಇರಲಿಲ್ಲ. ಎಕ್ಸ್‌ಟೆನ್ಶನ್ ಎಂಬುದು ಆರಂಭದ ಹೊತ್ತಿನಲ್ಲಿ ಮೆಮೊರಿಗೆ ಬಂದು, ಕಿಟಕಿ ಬಿಡಿಸುವ, ಮೆನು ತೆರೆಯುವ, ಫೈಲು ಓದುವಂಥ ವ್ಯವಸ್ಥೆಯ ಮೂಲ ಕೆಲಸಗಳ ದಾರಿಗೆ ಅಡ್ಡ ನಿಂತು, ಮೊದಲು ತನ್ನ ಕೆಲಸ ಮುಗಿಸಿ ಆಮೇಲೆ ಮುಂದಕ್ಕೆ ಬಿಡುತ್ತದೆ. ಎರಡು ಎಕ್ಸ್‌ಟೆನ್ಶನ್‌ಗಳು ಒಂದೇ ದಾರಿಗೆ ಅಡ್ಡ ನಿಂತಾಗ, ಮೊದಲು ಬಂದದ್ದರ ಮೇಲೆ ನಂತರ ಬಂದದ್ದು ಕೂರುತ್ತದೆ. ಆದ್ದರಿಂದ ಯಾವುದು ಮೊದಲು ಬಂತು ಎಂಬುದೂ ಮುಖ್ಯ. ಎಕ್ಸ್‌ಟೆನ್ಶನ್ಸ್ ಫೋಲ್ಡರ್‌ನಲ್ಲಿರುವವು ಮೊದಲು, ಕಂಟ್ರೋಲ್ ಪ್ಯಾನೆಲ್ಸ್ ಫೋಲ್ಡರ್‌ನವು ಆಮೇಲೆ, ಸಿಸ್ಟಮ್ ಫೋಲ್ಡರ್‌ನಲ್ಲಿ ಬಿಡಿಯಾಗಿ ಬಿದ್ದಿರುವವು ಕೊನೆಗೆ, ಪ್ರತಿಯೊಂದು ಕಡೆಯೂ ಹೆಸರಿನ ಅಕ್ಷರಾನುಕ್ರಮದಲ್ಲಿ ಬರುತ್ತವೆ. ಹಳೆಯ ಯಂತ್ರಗಳಲ್ಲಿ ಕೆಲವು ಫೈಲುಗಳ ಹೆಸರಿನ ಮುಂದೆ ಖಾಲಿ ಜಾಗವನ್ನೋ ಟಿಲ್ಡೆ (~) ಗುರುತನ್ನೋ ಕಂಡರೆ ಅದು ಬೆರಳು ತಪ್ಪಿ ಆದದ್ದೆಂದು ಭಾವಿಸಬಾರದು. ಯಾರೋ ಬೇಕೆಂದೇ ಅದನ್ನು ಸಾಲಿನ ಮೊದಲಿಗೋ ಕೊನೆಗೋ ತಳ್ಳಿದ್ದಾರೆ.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಯಂತ್ರ ನಿಂತಾಗ ಪರದೆಯ ಮೇಲೆ ಕೊನೆಗೆ ಕಂಡ ಚಿತ್ರವೇ ತಪ್ಪಿತಸ್ಥ ಎಂದು ಬಹಳ ಜನ ಅದನ್ನು ಅಳಿಸುತ್ತಾರೆ. ವಾಸ್ತವದಲ್ಲಿ ತನ್ನ ಚಿತ್ರ ಬಿಡಿಸಿದ ಫೈಲು ಹಲವು ವೇಳೆ ತನ್ನ ಕೆಲಸ ಮುಗಿಸಿರುತ್ತದೆ. ಎಡವಿದ್ದು ಅದರ ನಂತರದ್ದು, ಚಿತ್ರ ಬಿಡಿಸುವ ಮೊದಲೇ ಬಿದ್ದದ್ದು, ಅಥವಾ ಚಿತ್ರವನ್ನೇ ತೋರಿಸದ ಜಾತಿಯದ್ದು ಇರಬಹುದು.

ತೂಗುವ ಮೊದಲು ಅಳತೆಗಳು

ನನ್ನ ಮಟ್ಟಿಗೆ ಮೊದಲ ಅಳತೆಗೋಲು ಮಾಲೀಕರ ಒಗ್ಗಿಕೆ ಎಷ್ಟು ಉಳಿಯುತ್ತದೆ ಎಂಬುದು. ನಮ್ಮ ಕಡೆಯ ಯಂತ್ರಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆಪಲ್ ಹೊರತಂದ ಇಂಡಿಯನ್ ಲ್ಯಾಂಗ್ವೇಜ್ ಕಿಟ್‌ನಲ್ಲಿ ದೇವನಾಗರಿ, ಗುರುಮುಖಿ, ಗುಜರಾತಿ ಲಿಪಿಗಳಿದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಆ ಕಾಲದ ಮ್ಯಾಕ್‌ನಲ್ಲಿ ಕನ್ನಡ ಅಚ್ಚು ಜೋಡಿಸಿದವರು ಬೇರೆಯವರ ಫಾಂಟುಗಳನ್ನೂ ಕೀಲಿಮಣೆಯ ಸಲಕರಣೆಗಳನ್ನೂ ನೆಚ್ಚಿಕೊಂಡಿದ್ದರು. ಆ ಕಡತಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅದೇ ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ, ಇಲ್ಲವಾದರೆ ರೋಮನ್ ಅಕ್ಷರಗಳ ಚಿಲ್ಲರೆಯಾಗಿ ಪರದೆಯ ಮೇಲೆ ಚೆಲ್ಲಿಕೊಳ್ಳುತ್ತವೆ. ಒಂದು ಎಕ್ಸ್‌ಟೆನ್ಶನ್ ಕಳೆದುಕೊಂಡರೆ ಒಂದು ಅಲಂಕಾರ ಹೋಯಿತೆಂದು ಸುಮ್ಮನಾಗುವ ಹಾಗಿಲ್ಲ, ಅದರೊಂದಿಗೆ ಹತ್ತು ವರ್ಷದ ಬರಹವೂ ಹೋಗಬಹುದು.

ಎರಡನೆಯದು ಮರುಚಾಲನೆಗಳ ಎಣಿಕೆ. ಪ್ರತಿ ಮರುಚಾಲನೆಗೆ ಎರಡು ಮೂರು ನಿಮಿಷ ಹಿಡಿಯುವುದಷ್ಟೇ ಅಲ್ಲ, ಇಪ್ಪತ್ತೈದು ವರ್ಷ ದಾಟಿದ ಹಾರ್ಡ್ ಡಿಸ್ಕಿಗೆ ಅದು ದಣಿವೂ ಹೌದು. ಮೂರನೆಯದು, ಎರಡು ಫೈಲುಗಳು ಸೇರಿದಾಗ ಮಾತ್ರ ತೋರುವ ದೋಷವನ್ನು ಆ ದಾರಿ ಹಿಡಿಯಬಲ್ಲದೇ ಎಂಬುದು. ನಾಲ್ಕನೆಯದು, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬುದು. ಹಣದ ಪ್ರಶ್ನೆ ಕೊನೆಯದು, ಏಕೆಂದರೆ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಪ್ರತ್ಯೇಕ ಖರ್ಚಿದೆ.

ಇವೆಲ್ಲಕ್ಕೂ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಂಭಿಸಿ, ಎಕ್ಸ್‌ಟೆನ್ಶನ್‌ಗಳು ಆಫ್ ಆಗಿವೆ ಎಂಬ ಸಂದೇಶ ಸ್ವಾಗತದ ಪರದೆಯಲ್ಲಿ ಕಾಣುವವರೆಗೂ ಬಿಡಬೇಡಿ. ಹೀಗೆ ಆರಂಭಿಸಿದರೂ ಯಂತ್ರ ನಿಂತರೆ ಕೆಳಗಿನ ನಾಲ್ಕರಲ್ಲಿ ಮೊದಲ ಮೂರು ದಾರಿಗಳಿಂದ ನಿಮಗೆ ಪ್ರಯೋಜನವಿಲ್ಲ. ಆಗ ಮೆಮೊರಿ ಪಟ್ಟಿಗಳನ್ನು, ಡಿಸ್ಕು ಮುಂತಾದವನ್ನು ಸಾಲಾಗಿ ಜೋಡಿಸುವ ಸ್ಕಸಿ (SCSI) ಸರಪಳಿಯ ತುದಿಯ ಟರ್ಮಿನೇಟರನ್ನು, ಮದರ್‌ಬೋರ್ಡಿನ ಬ್ಯಾಟರಿಯನ್ನು ನೋಡಬೇಕು. ಗಡಿಯಾರ 1904ಕ್ಕೋ 1956ಕ್ಕೋ ಹಿಂದೆ ಸರಿದಿದ್ದರೆ ಆ ಬ್ಯಾಟರಿ (ಹೆಚ್ಚಿನ ಯಂತ್ರಗಳಲ್ಲಿ 3.6 ವೋಲ್ಟಿನ ಲಿಥಿಯಂ) ಸತ್ತಿದೆ ಎಂದು ಅರ್ಥ. ಪ್ರತಿ ಸಲವೂ ಪರದೆಯ ಮತ್ತು ಆರಂಭದ ಡಿಸ್ಕಿನ ಸೆಟ್ಟಿಂಗ್ ಮರೆಯುವ ಯಂತ್ರವನ್ನು ನೋಡಿ ಕಂಟ್ರೋಲ್ ಪ್ಯಾನೆಲ್ ಕೆಟ್ಟಿದೆ ಎಂದು ದಿನಗಟ್ಟಲೆ ಹುಡುಕುವವರಿದ್ದಾರೆ. ಹಳೆಯ ಬ್ಯಾಟರಿ ಸೋರಿದರೆ ಬೋರ್ಡನ್ನೇ ತಿನ್ನುತ್ತದೆ, ಆದ್ದರಿಂದ ಸತ್ತದ್ದನ್ನು ಕೂಡಲೇ ತೆಗೆದುಬಿಡಿ. ಶಿಫ್ಟ್ ಹಿಡಿದಾಗ ಯಂತ್ರ ಸರಾಗವಾಗಿ ಮೇಲೆದ್ದರೆ ಮೊದಲು ಇಡೀ ಡಿಸ್ಕಿನ ನಕಲು ಮಾಡಿಟ್ಟುಕೊಳ್ಳಿ, ಆಮೇಲೆ ಮುಂದೆ ಓದಿ.

ಕೈಯಿಂದ ಎತ್ತಿಡುವುದು

ಇದಕ್ಕೆ ಯಾವ ಸಲಕರಣೆಯೂ ಬೇಡ. ಡೆಸ್ಕ್‌ಟಾಪಿನ ಮೇಲೆ ಒಂದು ಫೋಲ್ಡರ್ ಮಾಡಿ, ಅನುಮಾನವಿರುವ ಅರ್ಧದಷ್ಟು ಫೈಲುಗಳನ್ನು ಅದರೊಳಗೆ ಎಳೆದು, ಮರುಚಾಲನೆ ಮಾಡಿ ನೋಡುವುದು. ಸಿಸ್ಟಮ್ 7.0 ಮತ್ತು 7.1 ಇರುವ ಯಂತ್ರಗಳಲ್ಲಿ ಎಕ್ಸ್‌ಟೆನ್ಶನ್ಸ್ ಮ್ಯಾನೇಜರ್ ಜೊತೆಗೆ ಬಂದಿರದ ಕಾರಣ ಇದೇ ಸಹಜವಾದ ದಾರಿ. ಸೇರಿಸಿದ ಫೈಲುಗಳು ಹತ್ತು ಹನ್ನೆರಡು ಮಾತ್ರ ಇದ್ದರೆ ನಾನೂ ಇದನ್ನೇ ಹಿಡಿಯುತ್ತೇನೆ. ಅದಕ್ಕಿಂತ ಹೆಚ್ಚಾದರೆ ಯಾವ ಫೈಲು ಯಾವ ಫೋಲ್ಡರಿನಿಂದ ಬಂದಿತ್ತು ಎಂಬುದು ಮರೆತುಹೋಗಿ, ಕಂಟ್ರೋಲ್ ಪ್ಯಾನೆಲ್ ಒಂದನ್ನು ಎಕ್ಸ್‌ಟೆನ್ಶನ್ಸ್‌ನೊಳಗೆ ಹಾಕಿ, ಲೋಡ್ ಆಗುವ ಕ್ರಮವನ್ನೇ ತಿಳಿಯದೆ ಬದಲಿಸಿಬಿಡುವ ಅಪಾಯವಿದೆ. ಹಾಗೆ ಬದಲಾದಾಗ ದೋಷ ಮಾಯವಾದರೂ ಕಾರಣ ಗೊತ್ತಾಗುವುದಿಲ್ಲ.

ಎಕ್ಸ್‌ಟೆನ್ಶನ್ಸ್ ಮ್ಯಾನೇಜರ್

ಸಿಸ್ಟಮ್ 7.5ರಿಂದ ಇದು ವ್ಯವಸ್ಥೆಯ ಜೊತೆಗೇ ಬರುತ್ತದೆ, ಖರ್ಚಿಲ್ಲ. ಆರಂಭದ ಹೊತ್ತಿನಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದರೆ ಉಳಿದವು ಲೋಡ್ ಆಗುವ ಮೊದಲೇ ಇದರ ಕಿಟಕಿ ತೆರೆದುಕೊಳ್ಳುತ್ತದೆ. ಗುರುತು ತೆಗೆದ ಫೈಲನ್ನು ಇದು ಅಳಿಸುವುದಿಲ್ಲ, ಡಿಸೇಬಲ್ಡ್ ಎಂಬ ಹೆಸರಿನ ಪಕ್ಕದ ಫೋಲ್ಡರಿಗೆ ಸರಿಸುತ್ತದೆ, ಮತ್ತೆ ಗುರುತು ಹಾಕಿದರೆ ಸ್ವಸ್ಥಾನಕ್ಕೆ ತರುತ್ತದೆ. ಹಿಂದಿರುಗಿಸುವ ಅಳತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಶುರುಮಾಡುವ ಮೊದಲು ಈಗಿರುವ ಪಟ್ಟಿಯನ್ನೇ ಒಂದು ಸೆಟ್ ಆಗಿ ಹೆಸರಿಟ್ಟು ಉಳಿಸಿಕೊಂಡರೆ, ಎಷ್ಟು ಕೆದಕಿದರೂ ಮೊದಲಿದ್ದ ಸ್ಥಿತಿಗೆ ಒಂದೇ ಆಯ್ಕೆಯಲ್ಲಿ ಮರಳಬಹುದು.

ಇದರ ನಿಜವಾದ ಬಲ ಆಪಲ್ ಕೊಟ್ಟಿರುವ ಸಿದ್ಧ ಸೆಟ್‌ಗಳಲ್ಲಿದೆ, ಹಲವರು ಅದನ್ನು ಬಳಸುವುದೇ ಇಲ್ಲ. ಉದಾಹರಣೆಗೆ 8.6ರಲ್ಲಿ ಮ್ಯಾಕ್ ಓಎಸ್ 8.6 ಆಲ್ ಎಂಬ ಸೆಟ್ ಆರಿಸಿದರೆ ಆಪಲ್‌ನ ಫೈಲುಗಳು ಮಾತ್ರ ಉಳಿದು ಹೊರಗಿನವೆಲ್ಲ ಆಫ್ ಆಗುತ್ತವೆ. ದೋಷ ಹೋದರೆ ಹುಡುಕಬೇಕಾದದ್ದು ಹೊರಗಿನವುಗಳಲ್ಲಿ ಎಂದು ಒಂದೇ ಮರುಚಾಲನೆಯಲ್ಲಿ ಗೊತ್ತಾಗುತ್ತದೆ. ಹೋಗದಿದ್ದರೆ ಬೇಸ್ ಎಂಬ ಇನ್ನೂ ಚಿಕ್ಕ ಸೆಟ್ ಇದೆ. ಪಟ್ಟಿಯನ್ನು ಪ್ಯಾಕೇಜುಗಳ ಪ್ರಕಾರ ನೋಡುವ ಆಯ್ಕೆಯೂ ಇದೆ. ಒಂದೇ ಸಲಕರಣೆಯ ನಾಲ್ಕೈದು ಫೈಲುಗಳನ್ನು ಬೇರ್ಪಡಿಸದೆ ಒಟ್ಟಿಗೆ ಆಫ್ ಮಾಡಲು ಇದು ಬೇಕು, ಏಕೆಂದರೆ ಅರ್ಧ ಇದ್ದು ಅರ್ಧ ಇಲ್ಲದ ಸಲಕರಣೆ ತಾನೇ ಹೊಸ ದೋಷವನ್ನು ತರುತ್ತದೆ.

ಇದರ ಕೊರತೆ ಎಂದರೆ ಹುಡುಕಾಟದ ಲೆಕ್ಕವನ್ನೆಲ್ಲ ನೀವೇ ಇಡಬೇಕು. ಎಂಬತ್ತು ಫೈಲುಗಳಲ್ಲಿ ಒಂದೇ ಒಂದು ಕೆಟ್ಟಿದ್ದರೆ, ಪ್ರತಿ ಸಲ ಅರ್ಧ ಮಾಡುತ್ತ ಹೋದಾಗ ಏಳು ಮರುಚಾಲನೆಗಳಲ್ಲಿ ಅದು ಸಿಗುತ್ತದೆ. ಒಂದೊಂದಾಗಿ ತೆಗೆಯುತ್ತ ಹೋದವರಿಗೆ ಎಂಬತ್ತೂ ಬೇಕಾಗಬಹುದು. ದೋಷ ಒಂದು ಜೋಡಿಯಲ್ಲಿದ್ದರೆ ಮಾತ್ರ ಲೆಕ್ಕ ಬೇರೆ.

ನನ್ನ ಬಳಿಯ ಪವರ್ ಮ್ಯಾಕಿಂತಾಷ್ 7200 ಇದನ್ನು ನನಗೆ ಕಲಿಸಿತು. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಡಿಟಿಪಿ ಅಂಗಡಿಯಿಂದ ಬಂದ ಯಂತ್ರ, 8.6 ವ್ಯವಸ್ಥೆ, ಹೊರಗಿನಿಂದ ಸೇರಿಸಿದ ಮೂವತ್ತನಾಲ್ಕು ಫೈಲುಗಳು. ಶಿಫ್ಟ್ ಹಿಡಿದರೆ ಏಳುತ್ತಿತ್ತು, ಆಲ್ ಸೆಟ್‌ನಲ್ಲೂ ಏಳುತ್ತಿತ್ತು. ಹದಿನೇಳರ ಮೊದಲ ಗುಂಪನ್ನು ಮಾತ್ರ ಆನ್ ಮಾಡಿದೆ, ಎದ್ದಿತು. ಎರಡನೆಯ ಗುಂಪನ್ನು ಮಾತ್ರ ಆನ್ ಮಾಡಿದೆ, ಆಗಲೂ ಎದ್ದಿತು. ಎರಡೂ ಸೇರಿದರೆ ನಿಲ್ಲುತ್ತಿತ್ತು. ಎರಡೂ ಅರ್ಧಗಳು ಬೇರೆಬೇರೆಯಾಗಿ ಸರಿಯಿದ್ದು ಒಟ್ಟಿಗೆ ಕೆಡುವುದಾದರೆ ಜಗಳದ ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ಇದ್ದಾನೆ ಎಂದೇ ಅರ್ಥ. ಆಗ ಒಂದು ಗುಂಪನ್ನು ಪೂರ್ತಿ ಆನ್ ಇಟ್ಟು ಇನ್ನೊಂದನ್ನು ಮಾತ್ರ ಅರ್ಧ ಮಾಡುತ್ತ ಹೋಗಬೇಕು, ಅಲ್ಲಿಯವನು ಸಿಕ್ಕ ಮೇಲೆ ಅವನೊಬ್ಬನನ್ನು ಆನ್ ಇಟ್ಟು ಮೊದಲ ಗುಂಪನ್ನು ಅರ್ಧ ಮಾಡಬೇಕು. ಹೀಗೆ ಹದಿನಾಲ್ಕು ಮರುಚಾಲನೆಗಳಲ್ಲಿ ಒಂದು ಮೆನು ಸಲಕರಣೆಯೂ ಒಂದು ಸ್ಕ್ರೀನ್ ಸೇವರೂ ಸಿಕ್ಕಿಬಿದ್ದವು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಸಲ ಯಾವುದು ಆನ್, ಯಾವುದು ಆಫ್, ಏನಾಯಿತು ಎಂದು ಬರೆದುಕೊಳ್ಳದಿದ್ದರೆ ಆರನೆಯ ಸುತ್ತಿನಲ್ಲೇ ದಾರಿ ತಪ್ಪುತ್ತಿದ್ದೆ.

ಕಾನ್‌ಫ್ಲಿಕ್ಟ್ ಕ್ಯಾಚರ್

ಈ ನೋಟ್‌ಬುಕ್ಕಿನ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು ಕಾನ್‌ಫ್ಲಿಕ್ಟ್ ಕ್ಯಾಚರ್. ಇದನ್ನು ಬರೆದವರು ಜೆಫ್ ರಾಬಿನ್, ಮುಂದೆ ಐಟ್ಯೂನ್ಸ್ ಆಗಿ ಬೆಳೆದ ಸೌಂಡ್‌ಜ್ಯಾಮ್ ಎಂಪಿಯನ್ನು ರೂಪಿಸಿದವರಲ್ಲಿ ಒಬ್ಬರು. ಹೊರತಂದದ್ದು ಕಸಾಡಿ ಆಂಡ್ ಗ್ರೀನ್ ಸಂಸ್ಥೆ. ಪರೀಕ್ಷೆ ಶುರುಮಾಡಿದರೆ ಇದು ತಾನೇ ಫೈಲುಗಳನ್ನು ಗುಂಪು ಮಾಡಿ ಮರುಚಾಲನೆ ಮಾಡಿಸುತ್ತದೆ, ದೋಷ ಇನ್ನೂ ಇದೆಯೇ ಎಂದು ಕೇಳುತ್ತದೆ, ನಿಮ್ಮ ಉತ್ತರವನ್ನು ನೆನಪಿಟ್ಟು ಮುಂದಿನ ಗುಂಪನ್ನು ಆರಿಸುತ್ತದೆ. ಒಂದು ಫೈಲು ಸಿಕ್ಕ ಮೇಲೆ ಅದು ಒಬ್ಬಂಟಿಯಾಗಿ ತಪ್ಪು ಮಾಡುತ್ತಿದೆಯೇ ಅಥವಾ ಜೊತೆಗಾರನಿದ್ದಾನೆಯೇ ಎಂಬುದನ್ನೂ ಮುಂದುವರಿದು ನೋಡುತ್ತದೆ. ಲೋಡ್ ಆಗುವ ಕ್ರಮವನ್ನು ಫೈಲಿನ ಹೆಸರು ಕೆಡಿಸದೆ ಪಟ್ಟಿಯಲ್ಲಿ ಎಳೆದು ಬದಲಿಸಬಹುದು. ಒಟ್ಟಿಗೇ ಇರಬೇಕಾದ ಫೈಲುಗಳನ್ನು, ಎಂದೂ ಒಟ್ಟಿಗೆ ಇರಬಾರದವುಗಳನ್ನು ಕಟ್ಟುಹಾಕಿ ಇಡಬಹುದು. ಮೂರನೆಯ ಅಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ.

ಆದರೆ ಇದು ಹಣ ಕೊಟ್ಟು ಕೊಳ್ಳಬೇಕಾಗಿದ್ದ ಸಾಫ್ಟ್‌ವೇರ್, ಹೊರತಂದ ಸಂಸ್ಥೆ 2003ರಲ್ಲಿ ಬಾಗಿಲು ಮುಚ್ಚಿತು. ಈಗ ಹಳೆಯ ಡಿಸ್ಕನ್ನು ಅದರ ಸೀರಿಯಲ್ ಸಂಖ್ಯೆಯ ಸಮೇತ ಕೊಳ್ಳಬೇಕು, ಆವೃತ್ತಿಯೂ ನಿಮ್ಮ ವ್ಯವಸ್ಥೆಗೆ ಹೊಂದಬೇಕು. ಮ್ಯಾಕ್ ಓಎಸ್ 8 ಇರುವವರು 8ನೆಯದನ್ನೂ 9 ಇರುವವರು 9ನೆಯದನ್ನೂ ಹುಡುಕುವುದು ಲೇಸು. ಇದನ್ನೂ ಎಕ್ಸ್‌ಟೆನ್ಶನ್ಸ್ ಮ್ಯಾನೇಜರನ್ನೂ ಒಟ್ಟಿಗೆ ನಡೆಸಬಾರದು, ಇಬ್ಬರೂ ಅವೇ ಫೋಲ್ಡರುಗಳಿಗೆ ಕೈಹಾಕುವುದರಿಂದ ಲೆಕ್ಕ ಕಲಸಿಹೋಗುತ್ತದೆ.

ಯಾರಿಗೆ ಇದು ನಿಜವಾಗಿ ಬೇಕು ಎಂಬುದು ದೋಷದ ಸ್ವಭಾವದ ಮೇಲೆ ನಿಂತಿದೆ. ಪ್ರತಿ ಸಲ ಆರಂಭದಲ್ಲೇ ನಿಲ್ಲುವ ಯಂತ್ರದಲ್ಲಿ ಒಂದು ಸುತ್ತಿನ ಫಲ ಮೂರು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕೆ ಇಷ್ಟು ಹುಡುಕಾಟ ಬೇಡ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ, ಅಚ್ಚಿಗೆ ಕಳಿಸುವಾಗಲೋ ಮೆನು ಎಳೆಯುವಾಗಲೋ ಟೈಪ್ 11 ಎಂಬ ದೋಷದ ಸಂದೇಶ ತೋರಿಸಿ ಬೀಳುವ ಯಂತ್ರದಲ್ಲಿ ಪ್ರತಿ ಸುತ್ತಿಗೂ ಎರಡು ಮೂರು ದಿನ ಕಾಯಬೇಕು. ಏಳು ಸುತ್ತು ಎಂದರೆ ಎರಡು ಮೂರು ವಾರ. ಅಷ್ಟು ದಿನ ಲೆಕ್ಕವನ್ನು ತಪ್ಪದೆ ನೆನಪಿಡುವ ಸಲಕರಣೆಗೆ ಹಣ ಕೊಡುವುದು ಸರಿಯೆಂದೇ ನನ್ನ ಅಭಿಪ್ರಾಯ. ಅಂಥ ದೋಷವಿದ್ದರೂ ಮೊದಲು ಒಂದು ಕೆಲಸ ಮಾಡಿ: ಬೀಳುವುದು ಒಂದೇ ಪ್ರೋಗ್ರಾಮಿನಲ್ಲಿ ಆದರೆ ಪ್ರೋಗ್ರಾಮುಗಳ ಸೆಟ್ಟಿಂಗ್‌ಗಳಿರುವ ಪ್ರಿಫರೆನ್ಸಸ್ ಫೋಲ್ಡರಿನಿಂದ ಅದರ ಫೈಲನ್ನು ಡೆಸ್ಕ್‌ಟಾಪಿಗೆ ಎಳೆದಿಟ್ಟು ನೋಡಿ. ಎಕ್ಸ್‌ಟೆನ್ಶನ್‌ಗಳ ತಲೆಗೆ ಕಟ್ಟಿದ ಅದೆಷ್ಟೋ ತಪ್ಪುಗಳು ಕೆಟ್ಟ ಪ್ರಿಫರೆನ್ಸ್ ಫೈಲಿನವು.

ಹೊಸದಾಗಿ ಸ್ಥಾಪಿಸುವುದು

ಕ್ಲೀನ್ ಇನ್‌ಸ್ಟಾಲ್ ಹಲವರಿಗೆ ಪ್ರಿಯವಾದ ಸಲಹೆ. ಸಿಸ್ಟಮ್ 7.5ರ ಇನ್‌ಸ್ಟಾಲರಿನಲ್ಲಿ ಕಮಾಂಡ್, ಶಿಫ್ಟ್, ಕೆ ಒಟ್ಟಿಗೆ ಒತ್ತಿದರೆ ಈ ಆಯ್ಕೆ ತೋರುತ್ತದೆ, ಮ್ಯಾಕ್ ಓಎಸ್ 8ರಲ್ಲಿ ಅದಕ್ಕೊಂದು ಚೌಕವೇ ಇದೆ. ಹೊಸ ಸಿಸ್ಟಮ್ ಫೋಲ್ಡರ್ ಬರುತ್ತದೆ, ಹಳೆಯದು ಪ್ರೀವಿಯಸ್ ಸಿಸ್ಟಮ್ ಫೋಲ್ಡರ್ ಎಂಬ ಹೆಸರಿನಲ್ಲಿ ಉಳಿಯುತ್ತದೆ. ಯಂತ್ರ ಏಳುವುದು ಬಹುಮಟ್ಟಿಗೆ ಖಚಿತ, ಒಂದು ಗಂಟೆಯೊಳಗಿನ ಕೆಲಸ.

ಆಮೇಲಿನ ಕೆಲಸವೇ ದೊಡ್ಡದು. ಹಳೆಯ ಫೋಲ್ಡರಿನಿಂದ ಫಾಂಟು, ಕೀಲಿಮಣೆ, ಸಲಕರಣೆಗಳನ್ನು ಒಂದೊಂದಾಗಿ ಹೊಸದಕ್ಕೆ ದಾಟಿಸಬೇಕು. ಎಲ್ಲವನ್ನೂ ಒಮ್ಮೆಗೇ ದಾಟಿಸಿದರೆ ಜಗಳವೂ ಜೊತೆಗೇ ದಾಟುತ್ತದೆ. ಮೂಲ ಸಿಸ್ಟಮ್ ಫೈಲೇ ಕೆಟ್ಟಿದ್ದರೆ, ಶಿಫ್ಟ್ ಹಿಡಿದೂ ಯಂತ್ರ ಏಳದೆ ಯಂತ್ರಾಂಶ ಮಾತ್ರ ಸರಿಯಿದ್ದರೆ, ಅಥವಾ ಹಿಂದಿನವರ ಯಾವ ಕಡತವೂ ನಿಮಗೆ ಬೇಡವಾಗಿದ್ದರೆ ಇದನ್ನೇ ಮಾಡಿ. ಕನ್ನಡದ ಕಡತಗಳಿರುವ ಯಂತ್ರದಲ್ಲಿ ಮಾತ್ರ ಇದನ್ನು ಕೊನೆಯದಾಗಿ ಇಟ್ಟುಕೊಳ್ಳಿ, ಪ್ರೀವಿಯಸ್ ಸಿಸ್ಟಮ್ ಫೋಲ್ಡರನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ನಿಮ್ಮ ಸ್ಥಿತಿಗೆ ಯಾವುದು

ಸಿಸ್ಟಮ್ 7.1, ಕೆಲವೇ ಫೈಲುಗಳು ಎಂದರೆ ಕೈಯಿಂದಲೇ ಮಾಡಿ. 7.5 ಅಥವಾ ಅದಕ್ಕಿಂತ ಹೊಸದಿದ್ದು, ದೋಷ ಪ್ರತಿ ಸಲವೂ ತಪ್ಪದೆ ತೋರುತ್ತಿದ್ದರೆ ಎಕ್ಸ್‌ಟೆನ್ಶನ್ಸ್ ಮ್ಯಾನೇಜರ್, ಒಂದು ನೋಟ್‌ಬುಕ್, ಒಂದು ಬಿಡುವಿನ ಮಧ್ಯಾಹ್ನ ಸಾಕು. ಒಂದು ಪೈಸೆಯೂ ಖರ್ಚಾಗುವುದಿಲ್ಲ. ದೋಷ ಕಣ್ಣಾಮುಚ್ಚಾಲೆ ಆಡುತ್ತಿದ್ದರೆ, ಫೈಲುಗಳು ನೂರರ ಹತ್ತಿರ ಇದ್ದರೆ, ಅಥವಾ ಇಂಥ ಹಲವು ಯಂತ್ರಗಳನ್ನು ನೀವು ನೋಡಿಕೊಳ್ಳುತ್ತಿದ್ದರೆ ಕಾನ್‌ಫ್ಲಿಕ್ಟ್ ಕ್ಯಾಚರ್ ಹುಡುಕಿ. ಕೈಯಲ್ಲಿ ಸ್ವಲ್ಪವೇ ಹಣವಿದ್ದು ಬ್ಯಾಟರಿ ಕೊಳ್ಳಬೇಕೋ ಸಾಫ್ಟ್‌ವೇರ್ ಕೊಳ್ಳಬೇಕೋ ಎಂಬ ಪ್ರಶ್ನೆ ಬಂದರೆ ಬ್ಯಾಟರಿಯನ್ನೇ ಮೊದಲು ಕೊಳ್ಳಿ.

ತಪ್ಪಿತಸ್ಥ ಸಿಕ್ಕ ಮೇಲೂ ಅದನ್ನು ಕಸದ ಬುಟ್ಟಿಗೆ ಎಳೆಯುವ ಅವಸರ ಬೇಡ. ಜೋಡಿಯ ಜಗಳವಾದರೆ ಮೊದಲು ಕ್ರಮ ಬದಲಿಸಿ ನೋಡಿ, ಆಮೇಲೆ ಅದೇ ಸಲಕರಣೆಯ ಬೇರೆ ಆವೃತ್ತಿಯನ್ನು ಪ್ರಯತ್ನಿಸಿ, ಎರಡೂ ಫಲಿಸದಿದ್ದರೆ ಎರಡರಲ್ಲಿ ಯಾವುದಿಲ್ಲದೆ ಯಂತ್ರದ ಕೆಲಸ ನಡೆಯುತ್ತದೋ ಅದನ್ನು ಆಫ್ ಮಾಡಿ. 7200ರಲ್ಲಿ ಆ ಸ್ಕ್ರೀನ್ ಸೇವರಿನ ಹೆಸರಿನ ಮುಂದೆ ಒಂದು ಟಿಲ್ಡೆ ಸೇರಿಸಿ ಅದನ್ನು ತನ್ನ ಫೋಲ್ಡರಿನ ಸಾಲಿನ ಕೊನೆಗೆ ಕಳಿಸಿದೆ. ಚಿತ್ರಗಳ ಸಾಲು ತಡೆಯಿಲ್ಲದೆ ಪರದೆಯ ಬಲತುದಿ ಮುಟ್ಟಿತು. ಡೆಸ್ಕ್‌ಟಾಪಿನಲ್ಲಿದ್ದ ಒಂದು ಲಗ್ನಪತ್ರಿಕೆಯನ್ನು ತೆರೆದಾಗ ವಧುವರರ ಹೆಸರುಗಳು ಒತ್ತಕ್ಷರ ಸಮೇತ ಸ್ಫುಟವಾಗಿ ಕನ್ನಡದಲ್ಲೇ ಮೂಡಿದವು. ಆ ಸೆಟ್‌ಗೆ ತಾರೀಖು ಹಾಕಿ ಉಳಿಸಿದ್ದೇನೆ, ಅದರ ಪಟ್ಟಿಯನ್ನು ಕಾಗದದ ಮೇಲೆ ಬರೆದು ಯಂತ್ರದ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.